ಮೂರನೇ ಹಲಗೆಯ ತೂತು

ತಮ್ಮ ಮನೆ ಇರುವ ಹಾಗೆಯೇ ಚಿತ್ರದಲ್ಲಿ ಬರಲಿ ಎಂದು ಕೇಳಿದ ಒಬ್ಬ ಗಿರಾಕಿಯನ್ನೂ ನಾನು ಇಪ್ಪತ್ತೆರಡು ವರ್ಷಗಳಲ್ಲಿ ಕಂಡಿಲ್ಲ. ಬರೆದು ಮುಗಿಸುವ ಹೊತ್ತಿಗೆ, ಗೌರವಕ್ಕೆ ಅಗಾಯ್ ಎಂದು ಕರೆಯುತ್ತಲೇ, ಶುರುಮಾಡುತ್ತಾರೆ. "ಜುಮಾಶ್ ಅಗಾಯ್, ಆ ಸೂರಿನ ಶೀಟು ತುಕ್ಕು ಹಿಡಿದಿದೆ, ಹೊಸದು ಹಾಕ್ಬಿಡಿ." "ಅಗಾಯ್, ಬೆಕ್ಕಿನ ಕಿವಿ ಹರಿದಿದೆಯಲ್ಲ, ಸ್ವಲ್ಪ ಹೊಲಿದುಕೊಡಿ." ಒಬ್ಬಳು ಗೋಡೆಗೆ ಒರಗಿಸಿದ್ದ ಗಂಡನ ಮೊಪೆಡ್ಡನ್ನು ಅಳಿಸಿ ಹಾಕಿಸಿದಳು, ಅವನು ಅವಳನ್ನು ಬಿಟ್ಟು ಹೋಗಿದ್ದ. ಮರುವರ್ಷ ಗಂಡ ವಾಪಸ್ಸು ಬಂದ. ಅವಳು ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಮೊಪೆಡ್ ಇದ್ದಲ್ಲೇ ನಿಲ್ಲಿಸಿ ಎಂದಳು. ನಾನು ಬಯ್ದುಕೊಳ್ಳುತ್ತಲೇ ನಿಲ್ಲಿಸಿದೆ. ಹೊಟ್ಟೆಪಾಡು.

ಆದರೆ ನನಗೂ ಒಂದು ಹಠವಿತ್ತು. ಫೋಟೋ ನೋಡಿ ಬರೆಯುವುದಿಲ್ಲ. ಅವರ ಅಂಗಳದಲ್ಲಿ ಸ್ಟೂಲು ಹಾಕಿ ಕೂತು, ಕಂಡದ್ದನ್ನೆಲ್ಲ ಕಂಡ ಹಾಗೆ ಬರೆಯುತ್ತೇನೆ. ಹಲಗೆಯ ಗಂಟು, ಕಿಟಕಿಯ ಒಡೆದ ಮೂಲೆ, ನಾಯಿಯ ಹೊಟ್ಟೆಯ ಗಾಯ, ಏನನ್ನೂ ಬಿಡುವುದಿಲ್ಲ. ತಿದ್ದುಪಡಿ ಆಮೇಲೆ, ಅದು ಅವರ ಪಾಪ. ಜುಮಾಶ್ ಬರೆದ ಚಿತ್ರ ಕೈಯಲ್ಲಿದ್ದರೆ ವಿಳಾಸ ಬೇಡ, ನೇರ ಮನೆಗೇ ಹೋಗಬಹುದು ಎಂದು ಕರಕೋಲ್ ಪೇಟೆಯಲ್ಲಿ ಜನ ಆಡಿಕೊಳ್ಳುತ್ತಿದ್ದರು. ಆ ಮಾತು ಕೇಳಿ ನಾನು ಎಷ್ಟು ಸಲ ಉಬ್ಬಿದ್ದೇನೋ ಲೆಕ್ಕವಿಲ್ಲ. ಈಗ ಯಾರಾದರೂ ಹಾಗೆಂದರೆ ಮಾತು ಬದಲಾಯಿಸುತ್ತೇನೆ.

ಹೋದ ಅಕ್ಟೋಬರಿನಲ್ಲಿ ಜೂರಕಾನ್ ಅಪಾ ನನ್ನ ಅಂಗಡಿಗೆ ಬಂದಳು. ಎಪ್ಪತ್ತು ದಾಟಿದ ಮುದುಕಿ, ಬೇಟೆಗಾರ ಮೋಕೆಶನ ವಿಧವೆ, ಊರಿಗೆಲ್ಲ ಅಪಾ, ಎಂದರೆ ಅಮ್ಮ. ಮೋಕೆಶ್ ಸತ್ತು ಒಂದು ವರ್ಷವಾಗಿತ್ತು. ಅವನು ಬಿಟ್ಟು ಹೋದದ್ದು ನದಿಯ ಕಡೆಯ ಬೀದಿಯಲ್ಲಿ ನೀಲಿ ಕಿಟಕಿಗಳ ಒಂದು ಮರದ ಮನೆ, ಮತ್ತು ಕುಮುಶ್ ಎಂಬ ಬೂದುಬಣ್ಣದ ತೈಗಾನ್ ನಾಯಿ. ಉದ್ದ ಕಾಲು, ಕಿವಿಯಲ್ಲಿ ರೇಷ್ಮೆಯಂಥ ಕೂದಲು, ಬಾಲದ ತುದಿಯಲ್ಲಿ ಉಂಗುರ. ಬೆಟ್ಟದ ಓಟಕ್ಕೆಂದೇ ಹುಟ್ಟಿದ ತಳಿ. ಅದನ್ನು ಕೊಳ್ಳುತ್ತೇವೆಂದು ಎಷ್ಟೋ ಜನ ಬಂದಿದ್ದರು. ಅಪಾ ಅವರನ್ನೆಲ್ಲ ಬಾಗಿಲಿನಿಂದಲೇ ಓಡಿಸಿದ್ದಳು.

"ಮನೆ, ನಾಯಿ ಎರಡೂ ಒಂದೇ ಚಿತ್ರದಲ್ಲಿ ಬರ್ಬೇಕು," ಎಂದಳು. "ದುಡ್ಡು ಮಾತ್ರ ಒಂದಕ್ಕೇ."

"ನಾಯಿಗೆ ನಾಲ್ಕು ಕಾಲಿದೆ ಅಪಾ. ಬಣ್ಣ ಜಾಸ್ತಿ ಹಿಡಿಯುತ್ತೆ."

"ಹಾಗಾದ್ರೆ ಎರಡು ಕಾಲು ಹುಲ್ಲಲ್ಲಿ ಮುಚ್ಚಿಬಿಡು. ನಿನ್ನ ಮದುವೆಗೆ ಮೋಕೆಶ್ ಕಾಡುಮೇಕೆ ಹೊತ್ಕೊಂಡು ಬಂದಿದ್ದ, ಅದರ ನಾಲ್ಕೂ ಕಾಲು ತಿಂದೆಯಲ್ಲ, ಆಗ ಲೆಕ್ಕ ಹಾಕಿದ್ಯಾ?"

ನಾನು ಕೈಮುಗಿಯುವುದೊಂದು ಬಾಕಿ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು.

"ನಾನು ನೋಡೋಕ್ ಮುಂಚೆ ಇನ್ನೊಬ್ಬರ ಕಣ್ಣು ಅದರ ಮೇಲೆ ಬೀಳಬಾರ್ದು. ಮೊದಲ ನೋಟ ನಂದು. ತಿಳೀತಾ?"

ತಿಳಿಯದೆ ಏನು. ಕೂಸಾಗಲಿ, ಹೊಸ ಸೊಸೆಯಾಗಲಿ, ಹೊಸ ಮನೆಯಾಗಲಿ, ಮೊದಲ ಸಲ ನೋಡುವವರು ನಮ್ಮಲ್ಲಿ ಬರಿಗೈಯಲ್ಲಿ ನೋಡುವುದಿಲ್ಲ. ನೋಡಿದ್ದಕ್ಕೆ ಏನಾದರೂ ಕೊಡಬೇಕು. ಅದನ್ನು ಕೊರುಮ್ದುಕ್ ಎನ್ನುತ್ತೇವೆ. ಕೊಟ್ಟರೆ ಆ ಕಣ್ಣು ಒಳ್ಳೆಯ ಕಣ್ಣು. ಅದನ್ನು ಪಡೆಯುವ ಹಕ್ಕು ಮಾತ್ರ ಮನೆಯವರದು, ದಾರಿಹೋಕರದಲ್ಲ, ಚಿತ್ರಗಾರನದಂತೂ ಅಲ್ಲವೇ ಅಲ್ಲ.

ನಾಲ್ಕು ಬೆಳಗು ನಾನು ಅವರ ಅಂಗಳದಲ್ಲಿ ಕೂತೆ. ಅಪಾಳ ಮಗ ಎರ್ಮೆಕ್ ಕುದುರೆಗಳ ಜೊತೆ ಚಳಿಗಾಲದ ಹುಲ್ಲುಗಾವಲಿಗೆ ಹೋಗಿದ್ದ. ಮನೆಯಲ್ಲಿದ್ದವಳು ಸೊಸೆ ಟೋಟುಯಾ, ಮದುವೆಯಾಗಿ ಒಂದೂವರೆ ವರ್ಷವಾದ ಹುಡುಗಿ. ಅತ್ತೆಯೆದುರು ಅವಳ ದನಿ ಏಳುತ್ತಿರಲಿಲ್ಲ, ಆದರೆ ನಾಯಿಯ ಜೊತೆ ದಿನವಿಡೀ ಹರಟುತ್ತಿದ್ದಳು.

ಕುಮುಶ್ ಒಂದು ಕಡೆ ಕೂರುವ ಜೀವವಲ್ಲ. ನಾನು ಕುಂಚ ಎತ್ತಿದ ಕೂಡಲೇ ಎದ್ದು ಹೋಗುತ್ತಿತ್ತು. ಟೋಟುಯಾ ನಕ್ಕಳು.

"ಅದಕ್ಕೆ ಲಂಚ ಕೊಡ್ಬೇಕು ಅಗಾಯ್. ತಡೀರಿ."

ಒಳಗಿನಿಂದ ಕುರುತ್ ತಂದಳು. ಉಪ್ಪುಹಾಕಿ ಒಣಗಿಸಿದ ಮೊಸರಿನ ಉಂಡೆ, ಎಲ್ಲರ ಮನೆಯಲ್ಲೂ ಇರುವಂಥದ್ದೇ. ಆದರೆ ಇವಳು ಅದನ್ನು ಕುರಿಬಾಲದ ಕೊಬ್ಬಿನಲ್ಲಿ ಹೊರಳಿಸಿದ್ದಳು.

"ಹೀಗೆ ಕೊಟ್ರೆ ಅದು ಕೂತ ಜಾಗ ಬಿಡಲ್ಲ. ಮಾವ ಕಲಿಸಿದ್ದು. ಯಾರಿಗೂ ಹೇಳ್ಬೇಡಿ ಮತ್ತೆ, ಇದನ್ನ ತೋರಿಸಿದ್ರೆ ಅದು ಸೈತಾನನ ಹಿಂದೇನೂ ಹೋಗತ್ತೆ."

ನಾಯಿ ಕೂತಿತು. ಅದರ ಹಿಂದೆ ಅಂಗಳದ ಗೇಟು. ಗೇಟಿನ ಮೂರನೇ ಹಲಗೆಯಲ್ಲಿ ಒಂದು ಗಂಟು ಉದುರಿ ಬಿದ್ದು ತೂತಾಗಿತ್ತು. ಮೋಕೆಶ್ ಬೇಟೆಯಿಂದ ಅಪರಾತ್ರಿ ಬಂದಾಗ ಮನೆಯವರನ್ನು ಎಬ್ಬಿಸದೆ, ಆ ತೂತಿನಲ್ಲಿ ಬೆರಳು ತೂರಿಸಿ ಒಳಗಿನ ತಂತಿಯ ಕೊಂಡಿಯನ್ನು ಬಿಚ್ಚಿಕೊಂಡು ಬರುತ್ತಿದ್ದನಂತೆ. ಟೋಟುಯಾ ದಿನಾ ಸಂಜೆ, ನಾಯಿ ಅಂಗಳದಲ್ಲಿದ್ದರೆ ಹಗಲಲ್ಲೂ, ಆ ತಂತಿಯನ್ನು ಗೂಟಕ್ಕೆ ಎರಡು ಸುತ್ತು ಸುತ್ತುತ್ತಿದ್ದಳು. ನಾನು ತೂತನ್ನೂ ಬರೆದೆ, ತಂತಿಯ ಎರಡು ಸುತ್ತನ್ನೂ ಬರೆದೆ. ಬರೆದು, ದೂರ ನಿಂತು ನೋಡಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎಣ್ಣೆಬಣ್ಣ ಒಣಗಲು ದಿನಗಳು ಬೇಕು. ಒಳಕೋಣೆಯಲ್ಲಿ ಗೋಡೆಯ ಕಡೆ ಮುಖಮಾಡಿ ಇಡಬಹುದಿತ್ತು. ನಾನು ಅಂಗಡಿಯ ಕಿಟಕಿಯಲ್ಲಿಟ್ಟೆ. ಬಿಸಿಲು ಬೀಳುತ್ತದೆ, ಬೇಗ ಒಣಗುತ್ತದೆ ಎಂದು ಹೆಂಡತಿ ಬುರುಲ್‌ಗೆ ಹೇಳಿದೆ.

"ನವೆಂಬರಲ್ಲಿ ಯಾವ ಬಿಸಿಲು? ಜನ ನೋಡ್ಲಿ ಅಂತ ಇಟ್ಟಿದ್ದೀಯ ಅನ್ನು," ಎಂದಳು ಅವಳು.

ನಿಜ. ಜನ ನೋಡಲಿ ಎಂದೇ ಇಟ್ಟಿದ್ದೆ. ಅಷ್ಟು ಚೆನ್ನಾಗಿ ಬಂದಿತ್ತು ಅದು.

ಆರನೇ ದಿನ ಒಬ್ಬ ಒಳಗೆ ಬಂದ. ಹೊರಗೆ ಬಿಳಿ ಜೀಪು ನಿಲ್ಲಿಸಿದ್ದ. ನಲವತ್ತರ ವಯಸ್ಸು, ಒಳ್ಳೆಯ ಬೂಟು, ಮಾತು ಬೆಣ್ಣೆ. ಊರಿನವನಲ್ಲ. ಚಿತ್ರದ ಮುಂದೆ ನಿಂತವನು ಹಾಗೇ ನಿಂತ.

"ಈ ನಾಯಿ ನಿಜವಾಗ್ಲೂ ಇದೆಯಾ, ಇಲ್ಲಾ ನೀವೇ ಕಟ್ಟಿ ಬರೆದದ್ದಾ?"

ಆ ಪ್ರಶ್ನೆ ಸಾಕಾಯಿತು. ನನ್ನ ನಾಲಿಗೆಗೆ ಕಡಿವಾಣ ತಪ್ಪಿತು. ಕಟ್ಟಿ ಬರೆಯುವ ಗಂಡಸು ನಾನಲ್ಲ ಎಂದೆ. ನದಿಯ ಕಡೆಯ ಬೀದಿಗೆ ಹೋಗಿ, ನೀಲಿ ಕಿಟಕಿಯ ಮನೆಯ ಮುಂದೆ ಈ ಚಿತ್ರ ಹಿಡಿದು ನಿಂತು, ಒಂದು ಮೊಳೆ ಹೆಚ್ಚುಕಡಿಮೆ ಇದ್ದರೆ ನನ್ನ ಮೀಸೆ ಬೋಳಿಸಿ ಎಂದೆ. ಈ ತೂತು ನೋಡಿ, ಸತ್ತ ಯಜಮಾನ ಇದರಲ್ಲೇ ಬೆರಳು ಹಾಕಿ ಗೇಟು ತೆಗೆಯುತ್ತಿದ್ದ ಎಂದೆ. ನಾಯಿಯನ್ನು ಕೂರಿಸಲು ಪಟ್ಟ ಪಾಡು, ಕೊಬ್ಬು ಹಚ್ಚಿದ ಕುರುತ್, ಸೈತಾನನ ಹಿಂದೆ ಹೋಗುವ ಮಾತು, ಎಲ್ಲವನ್ನೂ ನಕ್ಕು ನಕ್ಕು ಹೇಳಿದೆ. ಅವನೂ ನಕ್ಕ. ಹೊರಡುವಾಗ ತನ್ನ ಕೈಗವಸುಗಳನ್ನು ಕಳಚಿ ಮೇಜಿನ ಮೇಲಿಟ್ಟ. ಒಳಗೆ ನರಿಯ ತುಪ್ಪಳ ಹೊಲಿದ ಚರ್ಮದ ಗವಸು.

"ಕೊರುಮ್ದುಕ್," ಎಂದ. "ಇಂಥದ್ದನ್ನ ಬರಿಗೈಯಲ್ಲಿ ನೋಡ್ಬಾರ್ದು. ಬೇಡ ಅನ್ಬೇಡಿ, ಚಿತ್ರಗಾರನ ಕೈ ಬೆಚ್ಚಗಿರ್ಬೇಕು."

ಮೊದಲ ನೋಟ ನಂದು ಎಂದ ಮುದುಕಿಯ ಮಾತು ಆಗ ನೆನಪಾಯಿತು. ಆಗಲೇ, ತಡವಾಗಿಯಲ್ಲ. ಆದರೂ ಗವಸು ತೆಗೆದುಕೊಂಡೆ. ನನ್ನ ಅಳತೆಗೇ ಹೊಲಿದಂತಿತ್ತು.

ಮೂರು ದಿನದ ಮೇಲೆ ವರ್ಷದ ಮೊದಲ ದೊಡ್ಡ ಹಿಮ ಬಿತ್ತು. ಬೆಳಗ್ಗೆ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಗವಸು ಹಾಕಿಕೊಂಡು, ಖುಷಿಯಾಗಿ ಅಪಾಳ ಮನೆಗೆ ಹೊರಟೆ. ಬೀದಿಯ ತಿರುವಿನಲ್ಲೇ ಕೂಗಾಟ ಕೇಳಿಸಿತು.

ಗೇಟು ಹಾರುಹೊಡೆದಿತ್ತು. ಅಂಗಳದ ನಡುವೆ ಟೋಟುಯಾ ತಲೆ ತಗ್ಗಿಸಿ ನಿಂತಿದ್ದಳು, ಕಾಲಲ್ಲಿ ಬರೀ ರಬ್ಬರ್ ಚಪ್ಪಲಿ. ಮೆಟ್ಟಿಲ ಮೇಲೆ ಅಪಾ.

"ಒಂದು ತಂತಿ! ಈ ಮನೇಲಿ ನಿನಗೆ ಕೊಟ್ಟ ಕೆಲಸ ಒಂದು ತಂತಿ ಸುತ್ತೋದು! ಅದನ್ನೂ ಮಾಡಕ್ಕಾಗ್ಲಿಲ್ವಾ?"

"ಸುತ್ತಿದ್ದೆ ಅಪಾ..."

"ಸುತ್ತಿದ್ರೆ ಗೇಟು ತಾನೇ ಬಿಚ್ಕೊಳ್ತಾ? ಅದು ಯಾರ ಹಿಂದೇನೂ ಹೋಗೋ ನಾಯಿ ಅಲ್ಲ. ಗೇಟು ತೆರೆದಿತ್ತು, ನರಿ ವಾಸನೆ ಬಂತು, ಬೆಟ್ಟ ಹತ್ತಿತು. ಈ ಹಿಮದಲ್ಲಿ ಇನ್ನೆಲ್ಲಿ ಹುಡುಕ್ಲಿ?" ಅಷ್ಟು ಹೇಳಿ ಅವಳು ಮೆಟ್ಟಿಲ ಮೇಲೇ ಕುಸಿದು ಕೂತು ಗಂಡನ ಹೆಸರು ಹಿಡಿದು ಅತ್ತಳು.

ನಾನು ಗೇಟಿನ ಪಕ್ಕದಲ್ಲೇ ನಿಂತಿದ್ದೆ. ತಂತಿ ತುಂಡಾಗಿರಲಿಲ್ಲ, ಬಿಚ್ಚಿಕೊಂಡು ನೇತಾಡುತ್ತಿತ್ತು. ಮೂರನೇ ಹಲಗೆಯ ಕೆಳಗೆ ಹಿಮದಲ್ಲಿ ಏನೋ ಹಳದಿಯಾಗಿ ಕಂಡಿತು. ಬಗ್ಗಿ ಎತ್ತಿಕೊಂಡೆ. ಅರ್ಧ ಕಚ್ಚಿದ ಕುರುತ್, ಮೇಲೆ ಹೆಪ್ಪುಗಟ್ಟಿದ ಕೊಬ್ಬು.

ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೂ ತೆರೆದೆ. ಅಷ್ಟರಲ್ಲಿ ಮನಸ್ಸು ಲೆಕ್ಕ ಹಾಕಿ ಮುಗಿಸಿತ್ತು: ಈ ಚಿತ್ರ ನೋಡಿ ಕಳ್ಳ ಬಂದ ಎಂದು ಊರಿಗೆ ಗೊತ್ತಾದರೆ ಇನ್ನು ಯಾರ ಅಂಗಳದಲ್ಲಿ ನನಗೆ ಸ್ಟೂಲು ಹಾಕುತ್ತಾರೆ? ಯಾರು ತಮ್ಮ ಬಾಗಿಲು, ಬೀಗ, ನಾಯಿ ನನ್ನ ಕಣ್ಣಿಗೆ ತೋರಿಸುತ್ತಾರೆ? ಕುರುತ್ತನ್ನು ಗವಸಿನೊಳಗೆ ಅಂಗೈಗೆ ಸೇರಿಸಿ ಮುಷ್ಟಿ ಕಟ್ಟಿದೆ.

"ಯಾರದು? ಜುಮಾಶಾ?" ಎಂದಳು ಅಪಾ. "ತಗೊಂಡು ಹೋಗು ಆ ಚಿತ್ರ. ಇವತ್ತು ನೋಡೋ ಶಕ್ತಿ ಇಲ್ಲ ನಂಗೆ."

ತೆಗೆದುಕೊಂಡು ಹೋದೆ. ಇಷ್ಟೇ ಆಗಿದ್ದರೆ ಹೇಡಿತನ ಎಂದು ಸುಮ್ಮನಾಗಬಹುದಿತ್ತು. ಮರುದಿನ ಇನ್ನೊಂದಾಯಿತು. ಹಿಮದಿಂದ ಬೆಟ್ಟದಾಚೆ ಹೋಗುವ ರಸ್ತೆ ಮುಚ್ಚಿತ್ತು. ಊರಾಚೆಯ ಹೋಟೆಲಿನ ಮುಂದೆ ರಸ್ತೆ ತೆರೆಯಲೆಂದು ಕಾಯುತ್ತ ಲಾರಿಗಳು ನಿಂತಿದ್ದವು. ಅವುಗಳ ನಡುವೆ ಆ ಬಿಳಿ ಜೀಪು. ಒಳಗೆ ಯಾರೂ ಕಾಣಲಿಲ್ಲ, ಆದರೆ ಹಿಂದಿನ ಗಾಜಿಗೆ ಒಳಗಿನಿಂದ ಉಸಿರಿನ ಮಂಜು ಕಟ್ಟಿತ್ತು. ನಾನು ನಿಂತೆ. ಠಾಣೆ ಅಲ್ಲಿಂದ ಹತ್ತು ನಿಮಿಷದ ದಾರಿ. ಆಮೇಲೆ ಪಕ್ಕದ ಓಣಿಗೆ ತಿರುಗಿ ಮನೆಗೆ ಹೋಗಿ ಮಲಗಿದೆ. ಮರುದಿನ ರಸ್ತೆ ತೆರೆಯಿತು.

ವಾರ ಕಳೆದು ಅಪಾ ಅಂಗಡಿಗೆ ಬಂದಳು. ಮುಖ ಇಳಿದುಹೋಗಿತ್ತು. ಚಿತ್ರವನ್ನು ಮೇಜಿನ ಮೇಲೆ ಇಡಿಸಿ ಬಹಳ ಹೊತ್ತು ನೋಡಿದಳು. ನಾಯಿಯ ಮುಖದ ಹತ್ತಿರ ಬೆರಳು ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

"ಚೆನ್ನಾಗಿ ಬರ್ದಿದ್ದೀಯ. ಜೀವ ಇದೆ. ಒಂದು ಬದಲಾಯಿಸ್ಬೇಕು."

"ಹೇಳು ಅಪಾ."

"ಗೇಟು ತೆಗಿ."

"ಏನು?"

"ಗೇಟು ತೆರೆದಿರೋ ಹಾಗೆ ಬರಿ. ತಂತಿ ಬಿಚ್ಚಿರೋ ಹಾಗೆ. ಗೋಡೆ ಮೇಲೆ ಎದುರಿಗೇ ಹಾಕ್ತೀನಿ. ಅವಳು ದಿನಾ ಚಹಾ ಹಾಕುವಾಗ ನೋಡ್ಲಿ. ತಪ್ಪಾಯ್ತು ಅಂತ ಒಂದು ಸಲ ಬಾಯಿಬಿಟ್ಟು ಹೇಳಲ್ಲ ಅವಳು. ಸುತ್ತಿದ್ದೆ, ಸುತ್ತಿದ್ದೆ, ಅದೇ ಹಾಡು."

ಆಗಲ್ಲ ಎನ್ನಬಹುದಿತ್ತು. ಕಂಡದ್ದನ್ನಷ್ಟೇ ಬರೆಯುವವನು ನಾನು ಎಂದು ಊರಿಗೆಲ್ಲ ಡಂಗುರ ಸಾರಿದವನಿಗೆ ಅದಕ್ಕಿಂತ ಒಳ್ಳೆಯ ನೆಪ ಬೇಕಿತ್ತೆ? ಆದರೆ ಆಗಲ್ಲ ಎಂದರೆ ಯಾಕೆ ಎಂದು ಕೇಳುತ್ತಾಳೆ ಎಂಬ ಹೆದರಿಕೆ. ಕುಂಚ ತೆಗೆದುಕೊಂಡೆ. ತಂತಿಯ ಎರಡು ಸುತ್ತನ್ನು ಹಲಗೆಯ ಬಣ್ಣದಿಂದ ಮುಚ್ಚಿದೆ. ಗೇಟಿನ ಅಂಚನ್ನು ಒಂದು ಗೇಣು ಆಚೆಗೆ ಸರಿಸಿ, ಸಂದಿನಲ್ಲಿ ಹಿಮ ಬಿದ್ದ ಬಿಳಿ ಬೀದಿಯನ್ನು ತೋರಿಸಿದೆ. ಅರ್ಧ ಗಂಟೆಯ ಕೆಲಸ. ಎಷ್ಟೋ ಮನೆಗಳಿಗೆ ಹೊಸ ಸೂರು ಹಾಕಿದ ಕೈ, ಒಬ್ಬ ಹುಡುಗಿಯ ಮೇಲೆ ಸುಳ್ಳು ಸಾಕ್ಷಿ ಹೇಳಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಆ ಚಳಿಗಾಲ ನಾನು ನದಿಯ ಕಡೆ ತಲೆಹಾಕಲಿಲ್ಲ. ಗವಸನ್ನು ಹಾಕಲೂ ಆಗದೆ, ಎಸೆಯಲೂ ಆಗದೆ, ಬಣ್ಣದ ಡಬ್ಬಿಗಳ ಹಿಂದೆ ತುರುಕಿದ್ದೆ. ಕುರುತ್ ಅದರೊಳಗೇ ಇತ್ತು. ಎಲ್ಲಿ ನಾಯಿ ಬೊಗಳಿದರೂ ಬೆಚ್ಚಿಬೀಳುತ್ತಿದ್ದೆ.

"ಬೆರಳೆಲ್ಲಾ ಒಡೆದಿದೆ, ಆ ಗವಸು ಎಲ್ಲಿ ಹೋಯ್ತು?" ಎಂದು ಬುರುಲ್ ಕೇಳಿದಳು.

"ಸಡಿಲ ಆಗತ್ತೆ."

"ಹೋದ ತಿಂಗಳು ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಅಂತಿದ್ದೆ. ಕೈ ಸಣ್ಣಗಾಯ್ತಾ ನಿಂದು?"

ರೇಗಿ ಎದ್ದು ಹೋದೆ. ಯಾರ ಮೇಲಿನ ಸಿಟ್ಟೋ.

ಮಾರ್ಚಿನಲ್ಲಿ, ಹೊಸ ವರ್ಷದ ನೋರುಜ್ ಹಬ್ಬಕ್ಕೆ ಎರಡು ವಾರ ಇರುವಾಗ, ಪೇಟೆಯಲ್ಲಿ ಟೋಟುಯಾ ಎದುರಾದಳು. ಹಿಟ್ಟಿನ ಚೀಲ ಹೊತ್ತಿದ್ದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಚೀಲ ಇಸಿದುಕೊಂಡು ಬಸ್ಸಿನವರೆಗೆ ಜೊತೆಗೆ ನಡೆದೆ. ಹುಡುಗಿ ಸೊರಗಿ ಹೋಗಿದ್ದಳು.

"ಭಾನುವಾರ ಊರಿಗೆ ಹೋಗ್ತೀನಿ ಅಗಾಯ್," ಎಂದಳು. "ತವರಿಗೆ."

"ಹಬ್ಬಕ್ಕಾ?"

"ಇಲ್ಲ. ಅಪಾ ಕಳಿಸ್ತಿದ್ದಾರೆ. ಮನೆ ಕಾಯೋದು ಕಲಿತು ಬಾ ಅಂದ್ರು. ಅವರೂ ಫೋನಲ್ಲಿ, ಅಮ್ಮ ಹೇಳಿದ ಹಾಗೆ ಮಾಡು ಅಂದ್ರು." ಅವರು ಎಂದರೆ ಗಂಡ ಎರ್ಮೆಕ್. ಹೀಗೆ ಹಬ್ಬದ ಮುಂದೆ ತವರಿಗೆ ಹೋದ ಸೊಸೆಯನ್ನು ಎಷ್ಟು ಮನೆಯವರು ಮತ್ತೆ ಕರೆಸಿಕೊಳ್ಳುತ್ತಾರೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ. ಅವಳೇ ಮುಂದುವರಿಸಿದಳು.

"ಮೊದಮೊದಲು ಬಹಳ ಸಿಟ್ಟು ಬರ್ತಿತ್ತು. ನಾನು ಸುತ್ತಿದ್ದು ನನ್ನ ಬೆರಳಿಗೇ ನೆನಪಿದೆ, ತಂತಿ ತಣ್ಣಗಿತ್ತು ಅನ್ನೋದೂ ನೆನಪಿದೆ. ಆಮೇಲೆ ನಿಮ್ಮ ಚಿತ್ರ ಬಂತು. ದಿನಾ ನೋಡ್ತೀನಲ್ಲ. ನೀವು ಸುಳ್ಳು ಬರೆಯೋರಲ್ಲ, ಒಂದು ಮೊಳೇನೂ ಬಿಡೋರಲ್ಲ. ನೀವೇ ತೆರೆದಿದೆ ಅಂತ ಬರ್ದಿದ್ದೀರಿ ಅಂದ್ರೆ ತೆರೆದೇ ಇದ್ದಿರ್ಬೇಕು. ನನಗೇ ಮರೆವು." ಅವಳು ನಗಲು ನೋಡಿದಳು. "ಈಗ ಗೇಟು ಹಾಕಿದ ಮೇಲೆ ಮೂರು ಸಲ ತಿರುಗಿ ಹೋಗಿ ನೋಡ್ತೀನಿ ಅಗಾಯ್. ರಾತ್ರಿ ಎದ್ದೂ ನೋಡ್ತೀನಿ. ಒಲೆ ಆರಿಸಿದ್ನಾ ಅಂತ ನೋಡ್ತೀನಿ. ಹಾಲು ಕಾಯಿಸಿದ್ದೇ ಮರೆತು ಇನ್ನೊಂದ್ಸಲ ಕಾಯಿಸ್ತೀನಿ. ನನ್ನ ತಲೆ ಸರಿಯಿಲ್ಲ ಅನ್ಸತ್ತೆ."

ಬಸ್ಸು ಬಂತು. ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡು, ನಿಮ್ಮ ಕೈಗೆ ಬರಕತ್ತಿರಲಿ ಎಂದು ಹರಸಿ ಹತ್ತಿದಳು.

ಪೇಟೆಯ ನಡುವೆ ನಿಂತು ನಾನು ಅತ್ತೆ. ನಾಚಿಕೆಯಾಗಲಿಲ್ಲ. ನಾಯಿಯೊಂದನ್ನು ಕಳೆದೆ ಎಂದುಕೊಂಡಿದ್ದವನು ಒಬ್ಬ ಹುಡುಗಿಯ ಬುದ್ಧಿಯನ್ನೇ ಕಳೆದುಬಿಟ್ಟಿದ್ದೆ. ಕಳ್ಳ ಒಯ್ದದ್ದು ಅವನ ಕೈಗೆ ಸಿಕ್ಕಿದ್ದನ್ನು. ಇದನ್ನು ಒಯ್ದವನು ನಾನು.

ಮರುದಿನ ಬೆಳಗ್ಗೆ ಬಣ್ಣದ ಪೆಟ್ಟಿಗೆ ಎತ್ತಿಕೊಂಡು, ಗವಸನ್ನು ಜೇಬಿಗೆ ತುರುಕಿ ಹೊರಟೆ. ಬುರುಲ್‌ಗೆ ಹಿಂದಿನ ರಾತ್ರಿಯೇ ಎಲ್ಲ ಹೇಳಿದ್ದೆ. ಅವಳು ಬಯ್ಯಲಿಲ್ಲ. "ಹೋಗು. ಇನ್ನು ಗಿರಾಕಿ ಬರ್ದಿದ್ರೆ ಬೇಲಿಗೆ ಬಣ್ಣ ಹೊಡಿ," ಎಂದಳಷ್ಟೆ.

ಅಪಾ ನೆಲಕ್ಕೆ ಊಟದ ಬಟ್ಟೆ ಹಾಸಿ ಕೂತಿದ್ದಳು. ಟೋಟುಯಾ ಕೆಟಲಿನ ಪಕ್ಕ. ಎದುರು ಗೋಡೆಯಲ್ಲಿ ನನ್ನ ಚಿತ್ರ, ತೆರೆದ ಗೇಟು. ಬಾಗಿಲಿನ ಪಕ್ಕದಲ್ಲಿ ಹುಡುಗಿಯ ಗಂಟು ಆಗಲೇ ಕಟ್ಟಿ ಇಟ್ಟಿತ್ತು.

"ಬಾ, ಕೂತ್ಕೋ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದಳು ಅಪಾ.

ನಾನು ಕೂರಲಿಲ್ಲ. ಗವಸನ್ನು ಬಟ್ಟೆಯ ಮೇಲಿಟ್ಟು, ಅದರೊಳಗಿಂದ ಕುರುತ್ ತೆಗೆದು ಪಕ್ಕದಲ್ಲಿಟ್ಟೆ. ಅದರ ಮೇಲೆ ಹಲ್ಲಿನ ಗುರುತು ಇನ್ನೂ ಹಾಗೇ ಇತ್ತು. ಟೋಟುಯಾ ಅದನ್ನು ನೋಡಿ ಕೆಟಲು ಕೆಳಗಿಟ್ಟಳು. ಅವಳಿಗೆ ತಕ್ಷಣ ಅರ್ಥವಾಗಿತ್ತು.

ಎಲ್ಲವನ್ನೂ ಹೇಳಿದೆ. ಕಿಟಕಿಯಲ್ಲಿ ಇಟ್ಟದ್ದು, ಬಿಳಿ ಜೀಪಿನವನು, ನನ್ನ ಬಡಾಯಿ, ತೂತಿನ ಕತೆ, ಗೇಟಿನ ಕೆಳಗೆ ಸಿಕ್ಕಿದ್ದನ್ನು ಮುಷ್ಟಿಯಲ್ಲಿ ಮುಚ್ಚಿಟ್ಟದ್ದು. ಹೋಟೆಲಿನ ಮುಂದೆ ಜೀಪು ನೋಡಿ ಓಣಿಗೆ ತಿರುಗಿದ್ದನ್ನು ಬಿಟ್ಟುಬಿಡೋಣ ಎಂದು ಮನಸ್ಸು ಎಳೆಯಿತು. ಅದನ್ನೂ ಹೇಳಿದೆ. ಅಪಾ ಕೈಯಲ್ಲಿದ್ದ ರೊಟ್ಟಿಯನ್ನು ಬಟ್ಟೆಯ ಮೇಲಿಟ್ಟಳು.

"ಜೀಪಿನ ನಂಬರ್ರು?"

"ನೋಡ್ಲಿಲ್ಲ ಅಪಾ."

"ಎರಡು ಸಲ ನೋಡಿದ್ದೀಯ. ನನ್ನ ಗೇಟಿನ ತಂತಿಯ ಸುತ್ತು ಎಣಿಸಿದೋನಿಗೆ ನಂಬರ್ ಕಾಣಿಸ್ಲಿಲ್ವಾ?"

ನಾನು ಗವಸಿನ ಹೊಲಿಗೆಯನ್ನೇ ನೋಡುತ್ತ ನಿಂತೆ.

"ಅವತ್ತೇ ಹೇಳಿದ್ರೆ ಕುಮುಶ್ ಇನ್ನೂ ಊರಲ್ಲೇ ಇತ್ತು," ಎಂದಳು. ಕೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ಕೂಗಾಡಿದ್ದರೆ, ಕೆಟಲು ಎತ್ತಿ ಎಸೆದಿದ್ದರೆ ಚೆನ್ನಾಗಿತ್ತು. ಅವಳು ಕುರುತ್ತನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಸೊಸೆಯ ಕಡೆ ನೋಡಲು ಹೊರಟು, ಆಗದೆ, ಗೋಡೆಯ ಕಡೆ ತಿರುಗಿದಳು.

"ಪೆಟ್ಟಿಗೆ ತಂದಿದ್ದೀಯಲ್ಲ. ಇಳಿಸು ಅದನ್ನ. ಮುಚ್ಚು ಗೇಟು."

ಚಿತ್ರವನ್ನು ಇಳಿಸಿ ನೆಲದ ಮೇಲೆ ಗೋಡೆಗೆ ಒರಗಿಸಿ, ಮಂಡಿಯೂರಿ ಕೂತೆ. ಬೀದಿಯ ಬಿಳುಪಿನ ಮೇಲೆ ಮತ್ತೆ ಹಲಗೆ ಬರೆದೆ. ತಂತಿಗೆ ಸಣ್ಣ ಕುಂಚ ತೆಗೆದು ಒಂದು ಗೆರೆ ಎಳೆಯುವಷ್ಟರಲ್ಲಿ ಹಿಂದೆ ಟೋಟುಯಾ ಬಂದು ನಿಂತಿದ್ದಳು.

"ಎರಡು ಸುತ್ತು," ಎಂದಳು.

ಅತ್ತೆಯ ಎದುರು ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

"ಎರಡು ಸುತ್ತು ಸುತ್ತಿದ್ದೆ ನಾನು. ಎರಡೂ ಬರೀರಿ."

ಎರಡೂ ಬರೆದೆ. ಮೂರನೇ ಹಲಗೆಯ ಮೇಲೆ ಕುಂಚ ಹಿಡಿದು ಅಪಾಳನ್ನು ನೋಡಿದೆ.

"ತೂತು ಮುಚ್ಚಲಾ?"

"ಬೇಡ. ಇದ್ದದ್ದನ್ನ ಇದ್ದ ಹಾಗೆ ಬರೀತೀನಿ ಅಂತಿದ್ಯಲ್ಲ. ಇರ್ಲಿ ಅದು."

ಹಸಿ ಬಣ್ಣದ ಅಡಿಯಲ್ಲಿ ತೆರೆದ ಗೇಟಿನ ಬಿಳಿ ಗೆರೆ ಒಂದು ಕಡೆ ಇನ್ನೂ ಕಾಣುತ್ತಿತ್ತು. ಎಷ್ಟು ಬಳಿದರೂ ಹೋಗಲಿಲ್ಲ. ಹಿಂದೆ ಅಪಾ ಮಾತಾಡುವುದು ಕೇಳಿಸಿತು.

"ಟೋಟುಯಾ. ಆ ಗಂಟು ಒಳಗಿಡು. ಇಲ್ಲಿ ಬಾ. ಕೆಟಲು ಬಿಡು, ಚಹಾ ನಾನು ಹಾಕ್ತೀನಿ."

ತಿರುಗಿ ನೋಡಿದೆ. ಸೊಸೆಯನ್ನು ಮೇಲಿನ ಜಾಗದಲ್ಲಿ, ಅತಿಥಿಗಳು ಕೂರುವ ಕಡೆ, ಕೂರಿಸಿದ್ದಳು. ಗೌರವದವರಿಗೆ ಕೊಡುವಂತೆ ಬಟ್ಟಲಿಗೆ ಅರ್ಧವೇ ಚಹಾ ಸುರಿದು, ಬಲಗೈಯಲ್ಲಿ ಹಿಡಿದು ಚಾಚಿದಳು. ಕ್ಷಮಿಸು ಎನ್ನಲಿಲ್ಲ. ಟೋಟುಯಾ ಬಟ್ಟಲು ತೆಗೆದುಕೊಂಡಳು, ಕುಡಿಯಲಿಲ್ಲ, ಕಣ್ಣೀರು ಸುಮ್ಮನೆ ಇಳಿಯುತ್ತಿತ್ತು.

ನಾನು ಪೆಟ್ಟಿಗೆ ಮುಚ್ಚಿ ಎದ್ದೆ. ನಮ್ಮಲ್ಲಿ ಹೊಸಿಲು ದಾಟುವವನು ಎಷ್ಟೇ ಅವಸರದಲ್ಲಿದ್ದರೂ, ಹಗೆಯೇ ಆದರೂ, ಒಂದು ಚೂರು ರೊಟ್ಟಿ ಮುರಿದು ಬಾಯಿಗಿಡಿಸದೆ ಕಳಿಸುವುದಿಲ್ಲ. ಬಟ್ಟೆಯ ಮೇಲೆ ರೊಟ್ಟಿ ಇತ್ತು. ನಾನು ಬೂಟಿನ ದಾರ ಕಟ್ಟುವುದನ್ನು ನಿಧಾನ ಮಾಡಿದೆ. ರೊಟ್ಟಿಗೆ ಯಾರೂ ಕೈ ಹಾಕಲಿಲ್ಲ.

ಅಂಗಳ ದಾಟುವಾಗ ಹಿಂದೆ ಹೆಜ್ಜೆ ಕೇಳಿಸಿತು. ಟೋಟುಯಾ ಬರುತ್ತಿದ್ದಳು. ರೊಟ್ಟಿ ತಂದಳೇನೋ ಎಂದು ನನ್ನ ದರಿದ್ರ ಮನಸ್ಸು ಆಸೆಪಟ್ಟಿತು. ಅವಳ ಕೈ ಖಾಲಿ. ನಾನು ಬೀದಿಗೆ ಕಾಲಿಟ್ಟ ಮೇಲೆ ಅವಳು ಗೇಟು ಎಳೆದುಕೊಂಡಳು. ಮುಖ ನೋಡಲಿಲ್ಲ.

ನಾನು ಅಲ್ಲೇ ನಿಂತೆ. ಕಣ್ಣಿನ ಮಟ್ಟಕ್ಕೇ ಮೂರನೇ ಹಲಗೆಯ ತೂತು. ಅದಕ್ಕೆ ಕಣ್ಣಿಡುವ ಧೈರ್ಯ ಬರಲಿಲ್ಲ. ಕೇಳಿಸಿಕೊಂಡೆ ಅಷ್ಟೆ. ಗೂಟಕ್ಕೆ ತಂತಿ ಒಂದು ಸುತ್ತು ಸುತ್ತಿತು. ಇನ್ನೊಂದು ಸುತ್ತು. ಚಪ್ಪಲಿಯ ಸದ್ದು ಮನೆಯ ಕಡೆ ಹೋಯಿತು. ಈಗ ತಿರುಗಿ ಬರುತ್ತಾಳೆ, ಮತ್ತೆ ನೋಡುತ್ತಾಳೆ ಎಂದು ಉಸಿರು ಹಿಡಿದು ಕಾದೆ.

ಅವಳು ತಿರುಗಿ ಬರಲಿಲ್ಲ.